ತಗುಲಿದ್ದಲ್ಲ, ಇಟ್ಟದ್ದು

ಡೋವರ್
೧೬ ಸೆಪ್ಟೆಂಬರ್ ೧೯೯೮, ಬುಧವಾರ

ಪ್ರೀತಿಯ ವಿಲ್ಫ್,

ನಾನು ಚೆನ್ನಾಗಿದ್ದೇನೆ. ಭಾನುವಾರ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿಸಲಿಲ್ಲ, ಹಾಗಾಗಿ ನೀನೂ ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಾನಿಲ್ಲಿಗೆ ಬಂದು ಒಂಬತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲ ಎಂದು ನೀನು ಮುನಿಸಿಕೊಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ. ಎರಡು ಸಲ ಫೋನ್ ಮಾಡಿದಾಗಲೂ ಹವಾಮಾನ, ಕಸದ ಡಬ್ಬಿ, ಟೊಮೆಟೊ ಗಿಡ ಇಷ್ಟನ್ನೇ ಮಾತಾಡಿ ಇಟ್ಟುಬಿಟ್ಟೆ. ಬರೆಯಬೇಕೆಂದು ನಾಲ್ಕು ಸಲ ಕೂತೆ. ನಾಲ್ಕು ಸಲವೂ ನಿನ್ನ ಹೆಸರಿನ ಆಚೆಗೆ ಪೆನ್ನು ಹೋಗಲಿಲ್ಲ. ಇವತ್ತು ಹೋಗಲೇಬೇಕು, ಯಾಕೆಂದರೆ ನೀನು ಇಪ್ಪತ್ತೈದರ ರೈಲಿಗೆ ಟಿಕೆಟ್ ತೆಗೆಸಿದ್ದೇನೆ ಅಂದೆ.

ಮೊದಲು ಇಲ್ಲಿನ ಸುದ್ದಿ ಹೇಳಿಬಿಡುತ್ತೇನೆ. ಆಡ್ರಿ ತನ್ನ ವಸತಿಮನೆಯಲ್ಲಿ ಮತ್ತೆ ಅದೇ ಕೋಣೆ ಕೊಟ್ಟಿದ್ದಾಳೆ, ಬಂದರು ಕಾಣುವ ಕೋಣೆ. ಆಗಸ್ಟಿನಲ್ಲಿ ಫ್ರಾನ್ಸಿನ ತನಕ ಕಡಲ ಕಾಲುವೆ ಈಜಿ ದಾಟಲು ಬಂದವರಿಂದ ತುಂಬಿ ತುಳುಕುತ್ತಿದ್ದ ಮನೆಯಲ್ಲಿ ಈಗ ನಾವು ಮೂವರೇ. ಒಬ್ಬ ಆಸ್ಟ್ರೇಲಿಯದವನು ಬೆಳಗ್ಗೆ ಆರು ಮೊಟ್ಟೆ ತಿನ್ನುತ್ತಾನೆ. ಆಡ್ರಿ ತಟ್ಟೆ ಇಡುವಾಗಲೆಲ್ಲ, "ನೀನು ಈಜ್ಕೊಂಡು ಫ್ರಾನ್ಸಿಗೆ ಹೋಗ್ತೀಯೋ, ಇಲ್ಲ ಮುಳುಗಿ ಹೋಗ್ತೀಯೋ, ನನ್ ಕೋಳಿಗಳಿಗಂತೂ ಮೋಕ್ಷ ಇಲ್ಲ" ಅನ್ನುತ್ತಾಳೆ. ನಾನು ದಿನಾ ಬೆಳಗ್ಗೆ ಬಂದರಿನೊಳಗೆ ಎರಡು ಗಂಟೆ, ಮಧ್ಯಾಹ್ನ ಒಂದು ಗಂಟೆ ಈಜುತ್ತಿದ್ದೇನೆ. ನೀರು ಅರವತ್ತೊಂದು ಡಿಗ್ರಿ. ದೋಣಿ ನಡೆಸುವ ರೆಗ್ ಇನ್ನೂ ಹಳೆಯ ಫ್ಯಾರನ್‌ಹೀಟ್ ಲೆಕ್ಕದಲ್ಲೇ ಇದ್ದಾನೆ. ನಿನ್ನೆ ದೋಣಿಕಟ್ಟೆಯ ಮೇಲಿಂದ ಬಾಗಿ, "ನೀರಿಗೂ ನಿಮಗೂ ಒಂದೇ ವಯಸ್ಸು ಕಣ್ರೀ ಎನಿಡ್, ಇಬ್ರೂ ಇನ್ನು ಇಳಿಯೋದೇ" ಅಂದ. ನಾನು ಅವನ ಹೊಟ್ಟೆ ನೋಡಿ, ನಿಮ್ಮ ದೋಣಿಯೂ ಅಷ್ಟೇ ಇಳಿದಿದೆ ಅಂದೆ. ಇಪ್ಪತ್ತಾರರಿಂದ ಮೂವತ್ತರೊಳಗೆ ಗಾಳಿ ತಗ್ಗಿದ ದಿನ ಹೊರಡುವುದು. ಅದಾದ ಮೇಲೆ ಈ ವರ್ಷಕ್ಕೆ ಬಾಗಿಲು ಮುಚ್ಚಿತು. ಮುಂದಿನ ವರ್ಷ ನನಗೆ ಈ ಭುಜ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಇನ್ನು ವಿಷಯಕ್ಕೆ ಬರುತ್ತೇನೆ.

ನಾನು ಹೊರಡುವ ಹಿಂದಿನ ದಿನ, ನೀನು ಕ್ಲಬ್ಬಿಗೆ ಹೋಗಿದ್ದಾಗ, ಗಿಲಿಯನ್ ಫೋನ್ ಮಾಡಿದಳು. ನಾನು ಮತ್ತೆ ಹೊರಟಿದ್ದೇನೆ, ಯಾರೋ ಬಿಟ್ಟುಕೊಟ್ಟ ದಿನಗಳು ನನಗೆ ಸಿಕ್ಕಿವೆ ಎಂದು ಸಂಭ್ರಮದಿಂದ ಹೇಳಿದೆ. ಅವಳು, "ಅಮ್ಮಾ, ಯಾಕಮ್ಮ ಇನ್ನೊಂದ್ಸಲ? ಅಪ್ಪ ಎಷ್ಟು ಸಲ ಅಂತ ಕೈ ಇಡ್ಬೇಕು?" ಅಂದಳು.

"ಏನಂದೆ?" ಅಂದೆ.

"ಏನಿಲ್ಲ."

"ಗಿಲಿಯನ್, ಏನಂದೆ?"

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ನನ್ನ ಕಡೆಯಿಂದ ಬಂದಿದ್ದು ಅಂತ ಈಗ ಗೊತ್ತಾಗುತ್ತಿದೆ. ತಡವರಿಸಿ ತಡವರಿಸಿ ಹೇಳಿದಳು. "ಆಗಸ್ಟಲ್ಲಿ ನೀನು ಹೊರಡೋ ಮುಂಚೆನೇ ಅಪ್ಪ ಹೇಳಿದ್ರು. ನಾನು ಅಳ್ತಾ ಇದ್ದೆ, ಅಮ್ಮಂಗೇನಾದ್ರೂ ಆದ್ರೆ ಅಂತ. ಅದಕ್ಕೆ ಅಪ್ಪ, ನೀನೇನೂ ಹೆದರ್ಕೋಬೇಡ ಪುಟ್ಟಿ, ಸಾಯಂಕಾಲ ಆರೂವರೆ ತನಕ ನೋಡ್ತೀನಿ, ಅಷ್ಟರೊಳಗೆ ಮುಗಿಸದೇ ಇದ್ರೆ ಒಂದು ಕೈ ಇಟ್ರೆ ಆಯ್ತು, ಅವರ ಕಾಯ್ದೆ ಪ್ರಕಾರ ಅಲ್ಲಿಗೆ ಮುಗೀತು, ಅಂದ್ರು. ನಿಂಗೆ ಆಮೇಲಾದ್ರೂ ಹೇಳಿರ್ತಾರೆ ಅಂದ್ಕೊಂಡಿದ್ದೆ ಅಮ್ಮಾ."

ನಾನು ಅವಳಿಗೆ, ಹೌದೌದು, ಹೇಳಿದ್ದಾರೆ, ಮರೆತಿದ್ದೆ ಅಂದೆ. ನನ್ನ ಮಗಳಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೇ ಇರಬೇಕು. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತೆ. ನೀನು ಬಂದೆ, ಬೂಟು ಒರೆಸಿಕೊಂಡೆ, ನಾಳೆಯ ರೈಲಿಗೆ ಬ್ರೆಡ್ಡಿನ ಮಧ್ಯೆ ಚೀಸ್ ಇಡಲೇ, ಹ್ಯಾಮ್ ಇಡಲೇ ಎಂದು ಕೇಳಿದೆ. ನಾನು ಹ್ಯಾಮ್ ಅಂದೆ. ನಿನ್ನ ಮುಖ ನೋಡಿ ಕೇಳುವ ಧೈರ್ಯ ನನಗಿರಲಿಲ್ಲ. ಹದಿಮೂರು ಗಂಟೆ ಸಮುದ್ರದಲ್ಲಿರುವ ಧೈರ್ಯವಿದ್ದವಳಿಗೆ ಅದಿರಲಿಲ್ಲ ನೋಡು.

ಆಗಸ್ಟ್ ಹದಿನೈದನ್ನು ನಾನು ಎಷ್ಟು ಸಲ ಹಿಂದೆ ಮುಂದೆ ತಿರುಗಿಸಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ಐದು ಗಂಟೆ. ನೀನು ನನ್ನ ಚೀಲ ಹಿಡಿದು ದೋಣಿಯಲ್ಲಿ ಕೂತಿದ್ದೆ. ಆಡ್ರಿ ಕೈಗವಸು ಹಾಕಿಕೊಂಡು ನನ್ನ ಮೈಗೆಲ್ಲ ಕುರಿಯುಣ್ಣೆಯ ಜಿಡ್ಡು ಬಳಿದಿದ್ದಳು. ಈಜು ಸಂಘದಿಂದ ಬಂದ ವೀಕ್ಷಕಿ ನೋರೀನ್ ಕನ್ನಡಕ ಹಾಕಿಕೊಂಡು ನಿಯಮಗಳನ್ನು ಓದಿದಳು. ಮಾಮೂಲಿ ಈಜುಡುಗೆ, ಟೋಪಿ, ಈಜುಗನ್ನಡಕ, ಇಷ್ಟೇ. ದೋಣಿ ಹಿಡಿಯುವಂತಿಲ್ಲ. ದೋಣಿಯಲ್ಲಿರುವ ಯಾರೂ ಈಜುವವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಕ್ಷಣಕ್ಕೆ ಈಜು ಮುಗಿಯಿತು. ಆಗ ನೀನು ತಲೆಯೆತ್ತಿ ಕೇಳಿದೆ. "ಬೆರಳ ತುದಿ ತಗುಲಿದ್ರೂನಾ?"

"ಬೆರಳ ತುದಿ ತಗುಲಿದ್ರೂನೂ" ಅಂದಳು ನೋರೀನ್.

"ಈಜೋರು ಬೇಡ ಅಂದ್ರೂನಾ?"

"ಯಾರು ಏನಂದ್ರೂ ಅಷ್ಟೇ ಕಣ್ರೀ."

ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಬಸ್ ಇನ್ಸ್‌ಪೆಕ್ಟರ್ ಆಗಿ ಮೂವತ್ತೊಂದು ವರ್ಷ ಕಾಯ್ದೆ ಪುಸ್ತಕ ಅರೆದು ಕುಡಿದ ನನ್ನ ಗಂಡ, ಕುಡಿಯಲು ಮಗ್ ಇಳಿಸುವಾಗ ಅಪ್ಪಿತಪ್ಪಿ ಕೈ ನನಗೆ ತಾಗೀತು ಎಂದು ಮೊದಲೇ ವಿಚಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ರೆಗ್ ಕಡೆ ತಿರುಗಿ, "ನಮ್ಮವರು ಬಲು ಜೋಪಾನ" ಅಂತಲೂ ಅಂದೆ. ನೀನು ನನಗೆ ಹಾಕಲಿರುವ ಬೀಗ ಸರಿಯಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ. ನನಗದು ಹೊಳೆಯಲಿಲ್ಲ.

ಆ ದಿನ ಎಂಥ ದಿನ ಅದು. ಮೊದಲ ಆರು ಗಂಟೆ ನನಗೆ ಏನೂ ಗೊತ್ತಾಗಲಿಲ್ಲ. ಹಡಗುಗಳು ಹೋಗುವ ದಾರಿಯ ಮಧ್ಯೆ ಜೆಲ್ಲಿ ಮೀನು ತೊಡೆಗೆ ಚುರ್ ಅನ್ನಿಸಿದ್ದು, ಒಂಬತ್ತನೇ ಗಂಟೆಯಲ್ಲಿ ಕುಡಿದಿದ್ದೆಲ್ಲ ವಾಂತಿಯಾಗಿದ್ದು ನಿನಗೇ ಗೊತ್ತು. ನೀನು ಹಗ್ಗಕ್ಕೆ ಕಟ್ಟಿದ ಮಗ್ಗಿನಲ್ಲಿ ಬಿಸಿ ಬಾರ್ಲಿ ನೀರು ಇಳಿಸುತ್ತಿದ್ದೆ, ಅರ್ಧ ಗಂಟೆಗೊಂದು ಸಲ, ಒಂದು ನಿಮಿಷ ಅತ್ತಿತ್ತ ಇಲ್ಲದೆ. ಎಷ್ಟು ದೂರ ಬಂದೆ ಎಂದು ಕೇಳಬಾರದು, ದೋಣಿಯವರು ಹೇಳಬಾರದು, ಅದು ಇಲ್ಲಿನ ರೂಢಿ. ನಾನು ಕೇಳಲಿಲ್ಲ. ಆದರೆ ಹನ್ನೆರಡನೇ ಗಂಟೆ ದಾಟಿದ ಮೇಲೆ ಉಸಿರಿಗೆ ತಲೆ ತಿರುಗಿಸಿದಾಗ ಫ್ರಾನ್ಸಿನ ಭೂಶಿರದ ಮೇಲಿನ ಬಿಳಿ ಮನೆ ಕಂಡಿತು. ಮನೆಗೆ ಎರಡು ಕಿಟಕಿ. ಕಿಟಕಿ ಎಣಿಸುವಷ್ಟು ಹತ್ತಿರ ಬಂದಿದ್ದೆ. ಇನ್ನು ಎರಡು ಮೈಲಿ ಇತ್ತು ಎಂದು ಆಮೇಲೆ ರೆಗ್ ಹೇಳಿದ. ಕಡಲಿನ ಭರತ ತಿರುಗಿ ನನ್ನನ್ನು ದಡದ ಕಡೆಗೇ ತಳ್ಳುತ್ತಿತ್ತಂತೆ.

ಆಗ ನೀನು ಮಗ್ಗನ್ನು ಹಗ್ಗದಲ್ಲಿ ಇಳಿಸದೆ ಕೈಯಲ್ಲೇ ಹಿಡಿದು, ಹಿಂಬದಿಯ ಏಣಿಯ ಕೆಳಗಿನ ಮೆಟ್ಟಿಲಿಗೆ ಬಂದೆ. ಹಗ್ಗ ಸಿಕ್ಕುಗಟ್ಟಿತೇನೋ ಎಂದುಕೊಂಡು ನಾನು ಹತ್ತಿರ ಬಂದೆ. ಅಂದರೆ ನಾನಾಗಿಯೇ ಬಂದೆ, ವಿಲ್ಫ್. ನಿನ್ನ ಕೈ ನನ್ನ ಎಡ ಭುಜದ ಮೇಲೆ ಬಂತು. ನೋರೀನ್ ಮೇಲಿಂದ ಏನೋ ಕೂಗಿದಳು. ರೆಗ್ ತಲೆಯ ಟೋಪಿ ತೆಗೆದ. ನೀನು, "ಅಯ್ಯೋ, ದೋಣಿ ವಾಲಿತು, ದೋಣಿ ವಾಲಿತು ಕಣೆ" ಅಂದೆ.

ಮೇಲೆ ಎಳೆದುಕೊಂಡ ಮೇಲೆ ನಾನು ಅತ್ತೆ. ನೀನೂ ಅತ್ತೆ. ಮೂರು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನುತ್ತಿದ್ದ ನಾನು, "ಹೋಗ್ಲಿ ಬಿಡು, ಬೇಕು ಅಂತ ಮಾಡಿದ್ಯಾ" ಅಂತ ನಿನಗೇ ಸಮಾಧಾನ ಹೇಳಿದೆ. ಮೂರು ವಾರ ಅದನ್ನೇ ಹೇಳಿದೆ. ನೀನು ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ನಿನಗಿಷ್ಟದ ಆಲೂಗೆಡ್ಡೆ ಕಡುಬು ಮಾಡಿ ಹಾಕಿದೆ. ಕ್ಲಬ್ಬಿನಲ್ಲಿ ಯಾರೋ, "ವಿಲ್ಫ್, ಹೆಂಡ್ತಿ ಪಕ್ಕ ಕೂತಾಗ ಕೈ ಜೇಬಲ್ಲಿಟ್ಕೋ" ಎಂದು ನಕ್ಕಾಗ ಅವನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದೆ. ನೀನು ತಲೆ ತಗ್ಗಿಸಿ ಕೂತಿದ್ದೆ. ಪಾಪ, ಎಷ್ಟು ನೊಂದಿದ್ದಾನೆ ಅಂದುಕೊಂಡೆ. ನಾನೂರು ಮಕ್ಕಳಿಗೆ ಊಟ ಬಡಿಸಿ, ಯಾವನು ಬಟಾಣಿ ಮೇಜಿನಡಿ ಚೆಲ್ಲಿ ತಿಂದೆ ಅನ್ನುತ್ತಾನೆ ಎಂದು ಬೆನ್ನು ನೋಡಿ ಹೇಳುತ್ತಿದ್ದ ಶಾಲೆಯ ಅಡುಗೆಯವಳು ನಾನು. ನಿನ್ನ ವಿಷಯದಲ್ಲಿ ನನಗೆ ಕಣ್ಣೇ ಇರಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ಆಗಸ್ಟ್ ಕೊನೆಯಲ್ಲಿ ಸಂಘದಿಂದ ನೋರೀನಳ ವರದಿಯ ಪ್ರತಿ ಬಂತಲ್ಲ, ನಾನು ಓದಿ ಕಪಾಟಿನಲ್ಲಿ ಇಟ್ಟೆ, ನೀನು ನೋಡಬೇಕೆನ್ನಲಿಲ್ಲ. ಅದರಲ್ಲಿ ಕೊನೆಯ ಸಾಲು ಹೀಗಿತ್ತು: "೬.೩೧. ಸಮುದ್ರ ಶಾಂತ. ನಿಮಿಷಕ್ಕೆ ಐವತ್ತನಾಲ್ಕು ಕೈಬೀಸು. ಈಜುಗಾತಿ ಗೆಲುವಾಗಿದ್ದಾರೆ, ಸ್ಪಷ್ಟವಾಗಿ ಉತ್ತರಿಸುತ್ತಿದ್ದಾರೆ. ಪತಿ ಭುಜದ ಮೇಲೆ ಕೈ ಇಟ್ಟರು. ಈಜು ಮುಕ್ತಾಯ."

ಕೈ ಇಟ್ಟರು. ನನಗೆ ಮೈಯೆಲ್ಲ ಉರಿಯಿತು. ಕೈ ತಗುಲಿತು ಎಂದು ಬರೆಯಬೇಕಿತ್ತಲ್ಲವೇ? ಈ ಕಾಗದ ಸಂಘದಲ್ಲಿ ನೂರು ವರ್ಷ ಇರುತ್ತದೆ, ಓದಿದವರು ನಿನ್ನನ್ನು ಏನೆಂದುಕೊಳ್ಳಬೇಕು? ನೀನು ತೋಟದಲ್ಲಿದ್ದಾಗ ನೋರೀನಳಿಗೆ ಫೋನ್ ಮಾಡಿದೆ. ಒಂದೇ ಒಂದು ಪದ ಬದಲಾಯಿಸಿ ಎಂದು ಕೇಳಿದೆ. ಅವಳು ಮೆತ್ತಗೆ, "ನೋಡಮ್ಮ, ಇಪ್ಪತ್ತೆರಡು ವರ್ಷದಿಂದ ಬರೀತಿದೀನಿ. ತಗುಲಿದಾಗ ತಗುಲಿತು ಅಂತ ಬರ್ದಿದೀನಿ. ಇಟ್ಟಾಗ ಇಟ್ರು ಅಂತ ಬರ್ದಿದೀನಿ" ಅಂದಳು. ನಾನು ಬಿಡಲಿಲ್ಲ. ಸಮುದ್ರದಲ್ಲಿ ದೋಣಿ ವಾಲುವುದು ನಿಮಗೆ ಕಾಣಲಿಲ್ಲವೇ ಅಂದೆ. "ಕಂಡಿದ್ರೆ ಬರೀತಿದ್ದೆ" ಅಂದಳು. ಆಗ ನಾನು ಅನ್ನಬಾರದ ಮಾತು ಅಂದೆ, ವಿಲ್ಫ್. ಮನೆಯಲ್ಲಿ ಗಂಡ ಅನ್ನುವವನೊಬ್ಬ ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತು ಅಂದೆ. ಅವಳು ಮದುವೆಯಾಗದೆ ತಾಯಿಯನ್ನು ನೋಡಿಕೊಂಡು ಉಳಿದವಳು. "ಇರಬಹುದು" ಅಂದು ಫೋನ್ ಇಟ್ಟಳು.

ಇಲ್ಲಿಗೆ ಬಂದ ಎರಡನೇ ದಿನವೇ ಹಣ್ಣಿನ ಕೇಕು ಹಿಡಿದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ತಪ್ಪಾಯಿತು ಅಂದೆ. ಅವಳು ಒಳಗೆ ಕರೆದು ಚಹಾ ಹಾಕಿದಳು. ಕೇಕು ಕತ್ತರಿಸುತ್ತ, "ನಂಗೆ ಆವತ್ತೇ ಗೊತ್ತಿತ್ತು ಕಣಮ್ಮ. ಏಣಿ ಇಳಿಯೋ ಮುಂಚೆ ನಿಮ್ಮೆಜಮಾನ್ರು ಎರಡು ಸಲ ಗಡಿಯಾರ ನೋಡ್ಕೊಂಡ್ರು. ಬಸ್ಸು ಕಾಯೋರ ಥರ" ಅಂದಳು. ಆಮೇಲೆ, "ಹೇಳೋದು ನನ್ ಕೆಲಸ ಅಲ್ಲ, ಬರೆಯೋದು ನನ್ ಕೆಲಸ" ಅಂದಳು. ಈ ಸಲವೂ ಅವಳೇ ದೋಣಿಗೆ ಬರುತ್ತಾಳೆ. ನಾನೇ ಕೇಳಿಕೊಂಡೆ.

ನೀನು ಹೆದರಿದ್ದಕ್ಕೆ ನಾನು ಬೈಯುತ್ತಿಲ್ಲ. ಅರವತ್ತೊಂದು ವರ್ಷದ ಹೆಂಡತಿ ಮಸಿ ಬಣ್ಣದ ನೀರಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಹೋಗುವುದನ್ನು ನೋಡುತ್ತ ಕೂರುವುದು ಸುಲಭವಲ್ಲ. ಕಾಲುವೆ ಜೀವ ತೆಗೆಯುತ್ತದೆ, ನನಗೂ ಗೊತ್ತು. ಏಣಿ ಮೇಲಿಂದ ಕಿರುಚಿದ್ದರೆ, ಎನಿಡ್, ನನ್ನ ಕೈಲಾಗಲ್ಲ, ಹತ್ತಿ ಬಾ ಅಂದಿದ್ದರೆ, ನಾನು ಬರುತ್ತಿದ್ದೆನೇ? ಇಲ್ಲ. ನಿನ್ನನ್ನು ಬೈದುಕೊಂಡು ಫ್ರಾನ್ಸಿಗೆ ಹೋಗುತ್ತಿದ್ದೆ. ಆದರೂ ನೀನು ಕೇಳಬಹುದಿತ್ತು. ರೆಗ್‌ಗೆ ಹೇಳಬಹುದಿತ್ತು, ಅವನಿಗೆ ನಿಲ್ಲಿಸುವ ಅಧಿಕಾರವಿತ್ತು. ನೀನು ಹೇಳಲಿಲ್ಲ, ಯಾಕೆಂದರೆ ಅವನು ನನ್ನ ಮುಖ ನೋಡಿ ಬೇಡ ಅನ್ನುತ್ತಿದ್ದ. ನೀನು ಮನೆಯಲ್ಲೇ ವೇಳೆ ಗೊತ್ತುಮಾಡಿಕೊಂಡು ಬಂದಿದ್ದೆ. ನಾನು ದಣಿದಿದ್ದೇನೋ ಇಲ್ಲವೋ, ದಡ ಎರಡು ಮೈಲಿಯೋ ಇನ್ನೂರು ಗಜವೋ, ಆರೂವರೆಗೆ ಬಸ್ಸು ನಿಲ್ಲಬೇಕು. ಅಷ್ಟೇ. ಎರಡು ವರ್ಷ ನಾನು ಪ್ರತಿ ಶನಿವಾರ ಕೆರೆಯಲ್ಲಿ ನಡುಗುವಾಗ ನೀನು ದಡದಲ್ಲಿ ಥರ್ಮಾಸ್ ಹಿಡಿದು ನಿಂತಿದ್ದೆಯಲ್ಲ, ಆ ನಿಂತಿದ್ದನ್ನೂ ಈಗ ನಾನು ಹೇಗೆ ನೋಡಬೇಕೋ ತಿಳಿಯದಾಗಿದೆ. ನೀನು ಈಜು ಕಸಿದುಕೊಂಡಿದ್ದಕ್ಕಿಂತ ಅದು ಹೆಚ್ಚು ನೋಯುತ್ತದೆ.

ಅದಾದ ಮೇಲೆ ನನ್ನಿಂದ ಸಮಾಧಾನ ಮಾಡಿಸಿಕೊಂಡೆಯಲ್ಲ, ಅದನ್ನಂತೂ ಹೊಟ್ಟೆಗೆ ಹಾಕಿಕೊಳ್ಳಲು ನನಗಿನ್ನೂ ಆಗಿಲ್ಲ.

ಆದ್ದರಿಂದ ಇಪ್ಪತ್ತೈದರಂದು ನೀನು ಬರಬೇಡ. ಟಿಕೆಟ್ ವಾಪಸು ಕೊಟ್ಟುಬಿಡು. ಬಂದರೂ ರೆಗ್ ನಿನ್ನನ್ನು ದೋಣಿಗೆ ಹತ್ತಿಸುವುದಿಲ್ಲ, ಹೇಳಿಟ್ಟಿದ್ದೇನೆ. ಯಾಕೆ ಎಂದು ಅವನು ಕೇಳಲಿಲ್ಲ, "ಸರಿ ಕಣ್ರೀ" ಅಂದ, ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಮಗ್ ಇಳಿಸಲು ಆಡ್ರಿ ಬರುತ್ತಾಳೆ. ಅವಳಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. "ನೀನು ಆ ಕಡೆ ಕಕ್ಕು, ನಾನು ಈ ಕಡೆ ಕಕ್ತೀನಿ, ಜೊತೇಲೇ ಹೋಗೋಣ" ಅಂದಿದ್ದಾಳೆ. ನನ್ನನ್ನು ನಿಲ್ಲಿಸಬೇಕಾದರೆ ನೋರೀನ್ ನಿಲ್ಲಿಸುತ್ತಾಳೆ. ಅವಳು ನಿಲ್ಲಿಸು ಅಂದರೆ ನಾನು ನಿಲ್ಲುತ್ತೇನೆ, ಅವಳಿಗೆ ಮಾತು ಕೊಟ್ಟಿದ್ದೇನೆ.

ಮುಗಿದ ಮೇಲೆ ಮನೆಗೆ ಬರುತ್ತೇನೆಯೇ ಎಂದು ನೀನು ಕೇಳಬಹುದು. ಗೊತ್ತಿಲ್ಲ. ಬರುತ್ತೇನೆ ಅಂದರೂ ಸುಳ್ಳಾಗುತ್ತದೆ, ಬರುವುದಿಲ್ಲ ಅಂದರೂ ಸುಳ್ಳಾಗುತ್ತದೆ. ಆಡ್ರಿ ಚಳಿಗಾಲಕ್ಕೆ ಅಡುಗೆಗೆ ಒಬ್ಬರು ಬೇಕು ಅನ್ನುತ್ತಿದ್ದಾಳೆ. ಅದನ್ನು ನಾನು ತಮಾಷೆ ಅಂತ ತೆಗೆದುಕೊಂಡಿಲ್ಲ. ಗಿಲಿಯನ್‌ಗೆ ಏನೂ ಅನ್ನಬೇಡ, ಅವಳದು ತಪ್ಪಿಲ್ಲ. ಹೆದರಿದ ಮಗಳಿಗೆ ಅಪ್ಪ ಧೈರ್ಯ ಹೇಳಿದ್ದಾನೆ, ಅದೂ ನನಗೆ ಅರ್ಥವಾಗುತ್ತದೆ.

ಮಂಡಿಗೆ ರಾತ್ರಿ ಮುಲಾಮು ಹಚ್ಚಿಕೊಳ್ಳುವುದು ಮರೆಯಬೇಡ, ಹೊಸ ಟ್ಯೂಬು ಕನ್ನಡಿಯ ಹಿಂದಿದೆ. ಹಸಿರಾಗಿ ಉಳಿದ ಟೊಮೆಟೊಗಳನ್ನು ಕಿತ್ತು ಕಾಗದದಲ್ಲಿ ಸುತ್ತಿಡು, ಹಣ್ಣಾಗುತ್ತವೆ. ನಿನ್ನ ಮೈ ಮನಸ್ಸು ನೆಟ್ಟಗಿರಲಿ, ನಿನಗೆ ಒಳ್ಳೆಯದಾಗಲಿ. ಬಾಯಿಮಾತಿಗೆ ಹೇಳುತ್ತಿಲ್ಲ, ಮನಸಾರೆ ಹೇಳುತ್ತಿದ್ದೇನೆ. ಮೂವತ್ತೆಂಟು ವರ್ಷದ ಮೇಲೆ ಕೆಟ್ಟದಾಗಲಿ ಅನ್ನಲು ಬಾಯಿ ಬರುವುದಿಲ್ಲ.

ಇಂತಿ,
ಎನಿಡ್

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸಿ, ಮತ್ತೆ ಹರಿದು, ಇನ್ನೊಂದು ಲಕೋಟೆ ತೆಗೆದಿದ್ದೇನೆ.

ಎಂಬತ್ತೊಂಬತ್ತರ ಮಾರ್ಚಿನಲ್ಲಿ ಆಸ್ಪತ್ರೆಯಲ್ಲಿ ನನ್ನ ಎಡಗಡೆಯ ಸ್ತನ ತೆಗೆದರು. ನಾನು ಮನೆಗೆ ಬಂದ ದಿನ ನೀನು ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಹೊಲಿಗೆ ಮಾಯುವ ತನಕ, ನಿನಗೆ ತಗುಲಿ ನೋವಾಗಬಾರದು ನೋಡು, ಅಂದೆ. ಹೊಲಿಗೆ ಆರು ವಾರದಲ್ಲಿ ಮಾಯಿತು. ತೋಳು ಸರಿಹೋಗಲೆಂದು ಡಾಕ್ಟರು ಈಜಲು ಹೇಳಿದರು, ಹೋದೆ. ನಿನ್ನ ದಿಂಬು ವಾಪಸು ಬರಲಿಲ್ಲ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಚಹಾ ಕೊಡುವಾಗಲೂ ಕಪ್ಪನ್ನು ಮೇಜಿನ ಮೇಲೆ ಇಡುತ್ತೀಯೇ ಹೊರತು ನನ್ನ ಕೈಗೆ ಕೊಡುವುದಿಲ್ಲ.

ಒಂಬತ್ತು ವರ್ಷ ಐದು ತಿಂಗಳಾದ ಮೇಲೆ ನೀನು ನನ್ನನ್ನು ಮುಟ್ಟಿದ್ದು ಆ ಏಣಿಯ ಮೇಲಿಂದ. ಎಡ ಭುಜ, ಉಡುಗೆಯ ಪಟ್ಟಿಯ ಪಕ್ಕದ ಬರಿ ಮೈ. ನಾನು ಅತ್ತಿದ್ದು ಕಾಲುವೆಗೆ ಅಂತ ದೋಣಿಯಲ್ಲಿ ಎಲ್ಲರೂ ಅಂದುಕೊಂಡರು. ನಿನ್ನ ಅಂಗೈ ಎಷ್ಟು ಬೆಚ್ಚಗಿತ್ತು. ಅದು ಯಾಕೆ ಬಂತು ಎಂದು ತಿಳಿಯುವ ಮುಂಚೆ, ಒಂದು ಉಸಿರಿನಷ್ಟು ಹೊತ್ತು, ನನಗೆ ಬಹಳ ಸಂತೋಷವಾಗಿತ್ತು, ವಿಲ್ಫ್.